ಹುಲಿ ಕಂಡ ಅಳಿಯ

ಚಾಮರಾಜಪೇಟೆಯ ವಾದಿರಾಜನಿಗೆ ಕಾಡಿನಲ್ಲಿ ಕಾಣದೆ ಉಳಿದಿದ್ದ ಪ್ರಾಣಿ ಒಂದೇ. ಆನೆಗಳನ್ನು ನೋಡಿ ನೋಡಿ ಸಾಕಾಗಿತ್ತು. ಕಾಟಿ, ಕಡವೆ, ಸೀಳುನಾಯಿ, ಮರಿಯನ್ನು ಬೆನ್ನ ಮೇಲೆ ಹೊತ್ತ ಕರಡಿ, ಒಮ್ಮೆ ಭದ್ರಾದಲ್ಲಿ ಮತ್ತಿಮರದ ಕೊಂಬೆಗೆ ಜೋತುಬಿದ್ದು ಮಲಗಿದ್ದ ಚಿರತೆ, ಎಲ್ಲವೂ ಆಗಿದ್ದವು. ಹದಿನಾರು ವರ್ಷಗಳಲ್ಲಿ ಇಪ್ಪತ್ಮೂರು ಸಫಾರಿ ಮಾಡಿದ್ದ. ಹುಲಿ ಮಾತ್ರ ಅವನು ಬರುವ ಹಿಂದಿನ ದಿನ ಬಂದು ಹೋಗಿರುತ್ತಿತ್ತು, ಇಲ್ಲವೇ ಅವನು ಹೊರಟ ಮಾರನೆಯ ದಿನ ರಸ್ತೆಯ ನಟ್ಟನಡುವೆ ಕಾಲು ಚಾಚಿ ಮಲಗುತ್ತಿತ್ತು. ಅದನ್ನೂ ಅವನು ಹೇಗೋ ನುಂಗಿಕೊಂಡಿದ್ದ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸಂಗತಿ ಬೇರೆ. ಅವನ ಷಡ್ಡಕ ಹುಲಿ ನೋಡಿದ್ದ.

ಷಡ್ಡಕನ ಹೆಸರು ಪ್ರಹ್ಲಾದ. ವಾದಿರಾಜನ ಹೆಂಡತಿ ಪ್ರಿಯಂವದಾಳ ತಂಗಿ ಯಶಶ್ರೀಯ ಗಂಡ, ಮಲ್ಲೇಶ್ವರದ ವಾಸ, ಬ್ಯಾಂಕಿನ ಕೆಲಸ, ದುಂಡು ಮುಖ, ಎಲ್ಲಿ ಕೂರಿಸಿದರೂ ಐದೇ ನಿಮಿಷದಲ್ಲಿ ತೂಕಡಿಕೆ. ಜಿಂಕೆ ಯಾವುದು, ಕಡವೆ ಯಾವುದು ಎಂದು ತಿಳಿಯದ ಈ ಮಹಾನುಭಾವ ಏಳು ವರ್ಷಗಳ ಹಿಂದೆ ಬ್ಯಾಂಕಿನವರ ಜೊತೆ ಬಂಡೀಪುರಕ್ಕೆ ಹೋಗಿ, ಜೀವಮಾನದ ಮೊದಲ ಸಫಾರಿಯಲ್ಲೇ ಹುಲಿ ನೋಡಿಕೊಂಡು ಬಂದಿದ್ದ. ಅದೂ ಒಂದು ಸಲವಲ್ಲ, ಎರಡು ಸಲ.

ಈ 'ಎರಡು ಸಲ'ವನ್ನು ಮರೆಯಲು ಬಿಡದವರು ಅತ್ತೆ ಕಾವೇರಮ್ಮ. ಅವರು ಇರುವುದು ವಾದಿರಾಜನ ಮನೆಯಲ್ಲಿ. ಅವರ ಕಣ್ಣಿಗೆ ದಿನಕ್ಕೆ ಮೂರು ಹೊತ್ತು ಔಷಧಿ ಹಾಕುವವನು ವಾದಿರಾಜ. ಅವರ ಬಲಗಿವಿ ಮಂದವಾದ್ದರಿಂದ, ಎಡಗಿವಿಯ ಬಳಿ ಬಗ್ಗಿ ಬೆಳಿಗ್ಗೆ ಪೇಪರು ಓದಿ ಹೇಳುವವನೂ ಅವನೇ. ಆದರೆ ಹೊಗಳಿಕೆಯೆಲ್ಲ ಸೀದಾ ಮಲ್ಲೇಶ್ವರಕ್ಕೆ ಹೋಗುತ್ತಿತ್ತು. ಬಂದವರಿಗೆಲ್ಲ ಪ್ರಹ್ಲಾದನನ್ನು "ಇವ್ರು ನಮ್ಮ ಹುಲಿ ಅಳಿಯ" ಎಂದು ಪರಿಚಯ ಮಾಡಿಸುತ್ತಿದ್ದರು. ಆಗ ವಾದಿರಾಜ ಯಾವ ಅಳಿಯ ಎಂದು ಯಾರೂ ಕೇಳುತ್ತಿರಲಿಲ್ಲ.

ಈ ಸಲದ ಯುಗಾದಿ ಊಟಕ್ಕೆ ಪಕ್ಕದ ಮನೆಯ ಶ್ರೀನಿವಾಸಯ್ಯನವರೂ ಬಂದಿದ್ದರು. ಕಾವೇರಮ್ಮ ತಾವೇ ಎದ್ದು ಪ್ರಹ್ಲಾದನ ಒಬ್ಬಟ್ಟಿಗೆ ಮೊದಲು ತುಪ್ಪ ಸುರಿದರು.

"ಹೆಸರಿನ ಮಹಿಮೆ ನೋಡಿ. ಆ ಪ್ರಹ್ಲಾದನಿಗೆ ಕಂಬದಿಂದ ನರಸಿಂಹ ಬಂದ. ನಮ್ಮ ಪ್ರಹ್ಲಾದನಿಗೆ ಪೊದೆಯಿಂದ ಹುಲಿ ಬಂತು. ಎರಡು ಸಲ!"

"ಹಂಗಾದ್ರೆ ನಮ್ಮ ವಾದಿರಾಜನ ಕಥೆ ಇನ್ನೊಂಥರಾ," ಎಂದು ಶ್ರೀನಿವಾಸಯ್ಯ ಕೋಸಂಬರಿ ಅಗಿಯುತ್ತ ನಕ್ಕರು. "ವಾದಿರಾಜ ಗುರುಗಳು ಕಡಲೆ ನೈವೇದ್ಯ ಇಟ್ರೆ ದೇವರು ಬಿಳಿ ಕುದುರೆ ಆಗಿ ಬಂದು ತಿಂತಿದ್ನಂತೆ. ನಿನಗೆ ಬರೋದಾದ್ರೆ ಕುದುರೇನೇ ಕಣಯ್ಯ. ಕಾಡಿಗ್ಯಾಕೆ ಹೋಗ್ತೀಯ, ರೇಸ್‌ಕೋರ್ಸ್‌ಗೆ ಹೋಗು!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ವಾದಿರಾಜನೂ ಹಲ್ಲು ಬಿಟ್ಟ. ಒಳಗೆ ಮಾತ್ರ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವನಿಗೆ ಮತ್ತಷ್ಟು ಸಿಟ್ಟು ತರಿಸಿದ್ದು ಪ್ರಹ್ಲಾದನ ರೀತಿ. ಅವನು ಜಂಬ ಕೊಚ್ಚಿಕೊಳ್ಳುತ್ತಿರಲಿಲ್ಲ. ಹುಲಿಯ ಮಾತು ಬಂದಾಗಲೆಲ್ಲ ತಲೆ ತಗ್ಗಿಸಿ, "ಇರ್ಲಿ ಬಿಡಿ ಅತ್ತೆ, ಹಳೇ ಮಾತು" ಎಂದು ಎಲೆ ನೋಡುತ್ತಿದ್ದ. ಹುಲಿಯೂ ಇವನದೇ, ವಿನಯವೂ ಇವನದೇ. ಹೀಗಾದರೆ ಉಳಿದವರು ಏನು ಮಾಡಬೇಕು?

"ಈ ಸಲ ಹೋಗೋವಾಗ ಪ್ರಹ್ಲಾದನ್ನೂ ಕರ್ಕೊಂಡು ಹೋಗಿ," ಎಂದರು ಕಾವೇರಮ್ಮ ವಾದಿರಾಜನ ಕಡೆ ತಿರುಗಿ. "ಅವ್ರ ಕಾಲ್ಗುಣ ಚೆನ್ನಾಗಿದೆ. ಅವ್ರ ನೆಪದಲ್ಲಿ ನಿಮಗೂ ಒಂದು ಸಲ ಕಾಣ್ಲಿ."

ಹೊಸ ಸೊಸೆಗೆ ಹೇಳುವ ಮಾತನ್ನು ದಢೂತಿ ಷಡ್ಡಕನ ಬಗ್ಗೆ ಕೇಳಿಸಿಕೊಂಡು, ಅವನ ಕಾಲ್ಗುಣದ ಹಿಂದೆ ತಾನು ಕಾಡಿಗೆ ಹೋಗಬೇಕು! ವಾದಿರಾಜನಿಗೆ ಎಲೆ ಬಿಟ್ಟು ಏಳಬೇಕೆನಿಸಿತು. ಆದರೆ ಅವನಿಗೆ ಐವತ್ತನಾಲ್ಕಾಗಿತ್ತು, ಮಂಡಿ ನೋವು ಶುರುವಾಗಿತ್ತು, ಹುಲಿ ನೋಡದೆಯೇ ಸತ್ತುಹೋಗುತ್ತೇನೆಂಬ ಭಯ ಆಗಾಗ ಬರುತ್ತಿತ್ತು. ಮಾರನೆಯ ವಾರವೇ ನಾಲ್ವರಿಗೂ ಬಂಡೀಪುರದಲ್ಲಿ ರೂಮು ಹಿಡಿದ.

ಬೆಳಗಿನ ಸಫಾರಿಗೆ ಬಂದ ಜೀಪಿನ ಚಾಲಕ ದಾಸಪ್ಪ. ವಾದಿರಾಜನಿಗೆ ಹಳೆಯ ಪರಿಚಯ. ಮುಂದಿನ ಸಾಲಿನಲ್ಲಿ ಅಕ್ಕತಂಗಿಯರು ಕೂತರು. ಹಿಂದಿನ ಸಾಲಿನ ಎಡಗಡೆಯ ಸೀಟಿಗೆ ವಾದಿರಾಜ ಎಲ್ಲರಿಗಿಂತ ಮೊದಲೇ ಹತ್ತಿ ಕೂತ. ದಾರಿಯ ಎಡಕ್ಕೆ ಕೆರೆ. ಬೇಸಿಗೆಯಲ್ಲಿ ಹುಲಿ ನೀರಿಗೆ ಬರುತ್ತದೆ. ಬಲಗಡೆ ಬರೀ ಲಂಟಾನ ಪೊದೆ, ಅಲ್ಲಿ ಮೊಲವೂ ಕಾಣುವುದಿಲ್ಲ. ಆ ಸೀಟನ್ನು ಷಡ್ಡಕನಿಗೆ ಬಿಟ್ಟುಕೊಟ್ಟ.

"ಅಲ್ಲಿ ಕೂತ್ಕೊಳ್ಳಿ ಪ್ರಹ್ಲಾದ್. ಗಾಳಿ ಚೆನ್ನಾಗಿ ಬರುತ್ತೆ."

"ಆಯ್ತು ಭಾವ," ಎಂದು ಪ್ರಹ್ಲಾದ ಕೂತು, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ.

ಅರ್ಧ ಗಂಟೆ ನವಿಲು, ಜಿಂಕೆ, ಮತ್ತೆ ನವಿಲು. ಕೆರೆಯ ಏರಿಯ ಹತ್ತಿರ ದಾಸಪ್ಪ ತಟ್ಟನೆ ಇಂಜಿನ್ ನಿಲ್ಲಿಸಿ ಕೈ ಎತ್ತಿದ. ದೂರದಲ್ಲಿ ಯಾವುದೋ ಪ್ರಾಣಿ ಒಂದೇ ಸಮ ಕೂಗುತ್ತಿತ್ತು.

"ಸಾಂಬಾರ್ ಕಾಲು," ಎಂದ ಪಿಸುದನಿಯಲ್ಲಿ.

"ಅದ್ಯಾವ ಸಾಂಬಾರ್ ಭಾವ?" ಎಂದು ಪ್ರಹ್ಲಾದ ಟೋಪಿ ಮೇಲೆತ್ತಿದ.

"ಕಡವೆ ರೀ. ಇಂಗ್ಲಿಷಲ್ಲಿ ಸಾಂಬಾರ್ ಅಂತಾರೆ. ಹುಲಿ ಹತ್ರ ಇದ್ರೆ ಹೀಗೆ ಕೂಗಿ ಎಚ್ಚರಿಸುತ್ತೆ. ಅದನ್ನ ಕಾಲ್ ಅಂತಾರೆ. ಸುಮ್ನಿರಿ."

ಎರಡು ಸಲ ಹುಲಿ ನೋಡಿದವನಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಮನಸ್ಸಿನಲ್ಲೇ ಮೂಗು ಮುರಿದು, ವಾದಿರಾಜ ದುರ್ಬೀನನ್ನು ಕಣ್ಣಿಗೊತ್ತಿಕೊಂಡ. ಕೆರೆಯ ಆ ದಡದಿಂದ ಈ ದಡದವರೆಗೆ ಒಂದೊಂದು ಕಲ್ಲನ್ನೂ ಜಾಲಾಡಿದ. ಕೂಗು ಜೋರಾಯಿತು. ಆಮೇಲೆ ಒಮ್ಮೆಲೇ ನಿಂತುಹೋಯಿತು.

ಆಗ ಅವನ ತೋಳನ್ನು ಯಾರೋ ಬಿಗಿಯಾಗಿ ಹಿಡಿದರು. ಪ್ರಹ್ಲಾದನ ಕೈ. ವಾದಿರಾಜ ದುರ್ಬೀನು ಇಳಿಸಿ ಬಲಕ್ಕೆ ತಿರುಗಿದ. ಪ್ರಹ್ಲಾದನ ಬಾಯಿ ತೆರೆದೇ ಇತ್ತು, ಕಣ್ಣು ತುಂಬಿ ಬಂದಿತ್ತು. ಲಂಟಾನ ಪೊದೆಯ ಕಡೆಗೇ ನೋಡುತ್ತ ಅವನು ತೊದಲಿದ.

"ಭಾವ... ಹುಲಿ ಅಂದ್ರೆ ಇಷ್ಟು ದೊಡ್ಡದಿರುತ್ತಾ?"

ವಾದಿರಾಜನ ಕಣ್ಣು ಆ ಮುಖದ ಮೇಲೆಯೇ ನಿಂತುಬಿಟ್ಟಿತು. ಎರಡು ಸಲ ಹುಲಿ ನೋಡಿದವನು ಕೇಳುವ ಪ್ರಶ್ನೆಯೇ ಇದು? ಮೊದಲ ಸಲ ಸಮುದ್ರ ಕಂಡ ಮಗುವಿನ ಮುಖ ಅದು. ಹಾಗಾದರೆ ಅವತ್ತು? ಆ ಎರಡು ಸಲ? ಏಳು ವರ್ಷದ ಒಬ್ಬಟ್ಟು, ಏಳು ವರ್ಷದ ತುಪ್ಪ? ಕಳ್ಳ ಸಿಕ್ಕಿಬಿದ್ದ ಸಂತೋಷ ಎದೆಗೆ ನುಗ್ಗಿತು. ಆ ಮುಖವನ್ನು ಬಿಟ್ಟು ಬೇರೆಲ್ಲೂ ನೋಡಲು ಅವನಿಗೆ ಮನಸ್ಸೇ ಬರಲಿಲ್ಲ.

ಕೊನೆಗೆ ಅವನು ಪ್ರಹ್ಲಾದನ ಭುಜದಾಚೆ ಕಣ್ಣು ಹಾಯಿಸಿದಾಗ ಪೊದೆಯ ಒಂದು ರೆಂಬೆ ಅಲ್ಲಾಡುತ್ತಿತ್ತು. ಅಷ್ಟೇ. ನೋಡುತ್ತಿದ್ದಂತೆ ಅದೂ ನಿಂತಿತು.

"ರೀ! ನೋಡಿದ್ರಾ? ಕೊನೆಗೂ!" ಪ್ರಿಯಂವದಾ ಹಿಂದಕ್ಕೆ ತಿರುಗಿ ಅವನ ಮಂಡಿ ಅಲುಗಿಸಿದಳು. "ಇಷ್ಟು ಹತ್ರ! ನಂಗೆ ನಿಮ್ಮದೇ ಯೋಚನೆ ರೀ. ಇವ್ರಿಗೂ ಸಿಕ್ತಲ್ಲಪ್ಪ ಅಂತ."

ವಾದಿರಾಜನ ಗಂಟಲಿನಿಂದ ಹೂಂ ಎಂದೋ ಊಹೂಂ ಎಂದೋ ತಿಳಿಯದಂಥ ಒಂದು ಸದ್ದು ಬಂತು. ಅವಳು ಅದನ್ನು ಹೂಂ ಎಂದೇ ಇಟ್ಟುಕೊಂಡಳು.

ಮಧ್ಯಾಹ್ನ ಹೆಂಗಸರು ರೂಮಿನಲ್ಲಿ ಬಟ್ಟೆ ಜೋಡಿಸುತ್ತಿದ್ದಾಗ ಷಡ್ಡಕರಿಬ್ಬರೇ ಊಟದ ಮನೆಯಲ್ಲಿ ಕೂತರು. ಬಡಿಸುವವನು ಅನ್ನದ ಮೇಲೆ ನುಗ್ಗೆಕಾಯಿ ಹುಳಿ ಹಾಕಿ ಹೋದ. ಪ್ರಹ್ಲಾದ ತಟ್ಟೆಯನ್ನೇ ನೋಡುತ್ತ ಕೂತುಬಿಟ್ಟ.

"ಏಳು ವರ್ಷದ ಹಿಂದೆ ನೀವು ಹುಲಿ ನೋಡಿರ್ಲಿಲ್ಲ," ಎಂದ ವಾದಿರಾಜ.

"ಇಲ್ಲ ಭಾವ."

"ಎರಡು ಸಲ ಅಂದ್ರಲ್ಲ!"

"ನಾನು ಅಂದಿದ್ದು ಇದನ್ನ." ಪ್ರಹ್ಲಾದ ತಟ್ಟೆಯ ಕಡೆ ಬೆರಳು ಮಾಡಿದ. "ಅವತ್ತು ಅತ್ತೆ ಫೋನ್ ಮಾಡಿದ್ರು. ಏನು ಸಿಕ್ತು ಅಲ್ಲಿ ಅಂದ್ರು. ಊಟಕ್ಕೆ ಅಂತ ನಾನು ತಿಳ್ಕೊಂಡೆ. ಹುಳಿ ಸಿಕ್ತು ಅತ್ತೆ, ಚೆನ್ನಾಗಿತ್ತು, ಎರಡು ಸಲ ಅಂದೆ. ಫೋನು ಬಲಗಿವಿಗೆ ಹಿಡ್ಕೊಂಡಿದ್ರೋ ಏನೋ. ಹುಳಿ ಹೋಗಿ ಹುಲಿ ಆಯ್ತು. ಮನೆಗೆ ಬಂದ್ರೆ ಬಾಗಿಲಲ್ಲಿ ಆರತಿ ತಟ್ಟೆ. ಬೀದಿಯವರೆಲ್ಲ ಬಂದು ಕೂತಿದ್ದಾರೆ. ಅಷ್ಟು ಜನರ ಮುಂದೆ, ಇಲ್ಲಮ್ಮ, ನಾನು ಉಂಡಿದ್ದು ಹೇಳಿದೆ ಅನ್ನೋಕಾಗುತ್ತಾ ಭಾವ? ಆಮೇಲೆ ಹೇಳೋಣ ಅಂದ್ಕೊಂಡೆ. ದಿನ ಹೋದಂಗೆ ಬಾಯೇ ಬರ್ಲಿಲ್ಲ. ಯಶಶ್ರೀಗೂ ಹೇಳಿಲ್ಲ."

ವಾದಿರಾಜನಿಗೆ ನಗು ಬರಬೇಕಿತ್ತು. ಏಳು ವರ್ಷ ತಾನು ಹೊಟ್ಟೆ ಉರಿಸಿಕೊಂಡದ್ದು ಒಂದು ಸೌಟು ಹುಳಿಗೆ! ಆದರೆ ನಗು ತುಟಿಯವರೆಗೆ ಬರುವಷ್ಟರಲ್ಲಿ ಇನ್ನೊಂದು ಸತ್ಯ ಬಂದು ಎದುರಿಗೆ ಕೂತಿತು. ಇವತ್ತು ಬೆಳಿಗ್ಗೆಯವರೆಗೆ ಇಬ್ಬರೂ ಸಮಸಮವಾಗಿದ್ದರು, ಅದು ತನಗೆ ಗೊತ್ತಿರಲಿಲ್ಲ ಅಷ್ಟೇ. ಗೊತ್ತಾದ ಆ ಗಳಿಗೆಯಲ್ಲೇ ಪ್ರಹ್ಲಾದ ನಿಜವಾಗಿ ಹುಲಿ ಕಂಡವನಾಗಿದ್ದ. ಇನ್ನು ಮೇಲೆ ಹೊಟ್ಟೆ ಉರಿದರೆ ಅದಕ್ಕೆ ಕಾರಣವೂ ಉಂಟು.

"ಅತ್ತೆಗೆ ನೀವೇ ಹೇಳ್ಬಿಡಿ ಭಾವ. ನಂಗೂ ಸಾಕಾಗಿದೆ," ಎಂದ ಪ್ರಹ್ಲಾದ. ಆಮೇಲೆ ಸ್ವಲ್ಪ ಗೆಲುವಾಗಿ, "ಹೆಂಗೂ ಇವತ್ತು ನೀವೂ ನೋಡಿದ್ರಲ್ಲ, ಅದೇ ಸಮಾಧಾನ."

ವಾದಿರಾಜ ಅನ್ನ ಕಲಸುತ್ತಲೇ ಇದ್ದ. ಕಲಸಿದ್ದನ್ನೇ ಮತ್ತೆ ಕಲಸಿದ. ಪ್ರಹ್ಲಾದನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಅಯ್ಯೋ, ನೋಡ್ಲಿಲ್ವಾ? ನಾನು ಅಡ್ಡ ಬಂದ್ನಾ?"

"ನೀವು ಅಡ್ಡ ಬರ್ಲಿಲ್ಲ," ಎಂದ ವಾದಿರಾಜ. "ನಾನೇ ನಿಮ್ಮ ಮುಖ ನೋಡ್ಕೊಂಡು ಕೂತೆ."

ಹಿಂದಿರುಗುವ ದಾರಿಯುದ್ದಕ್ಕೂ ವಾದಿರಾಜ ಅತ್ತೆಗೆ ಹೇಳಬೇಕಾದ ಮಾತನ್ನು ಜೋಡಿಸಿದ. ನಂಜನಗೂಡು ದಾಟುವಾಗ ಅದು ಕಟುವಾಗಿತ್ತು. ಮಂಡ್ಯದಲ್ಲಿ ಸ್ವಲ್ಪ ತಮಾಷೆ ಸೇರಿಸಿದ. "ಅತ್ತೆ, ನಿಮ್ಮ ಹುಲಿ ಅಳಿಯ ನಿಜವಾಗಿ ಹುಳಿ ಅಳಿಯ" ಎಂಬುದು ಚೆನ್ನಾಗಿತ್ತು, ಶ್ರೀನಿವಾಸಯ್ಯನವರ ಕುದುರೆಗೆ ತಕ್ಕ ಉತ್ತರ. ಆದರೆ ಅದನ್ನು ಹೇಳಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹಾಗಾದರೆ ನೀನು? ಇಪ್ಪತ್ನಾಲ್ಕು ಸಫಾರಿ ಮಾಡಿದ ನೀನು, ಹುಲಿ ಹತ್ತಡಿ ದೂರ ಬಂದಾಗ ಷಡ್ಡಕನ ಮುಖ ನೋಡುತ್ತ ಕೂತಿದ್ದೆಯಾ?

ಕಾರು ಬೀದಿಗೆ ತಿರುಗುವಾಗ ಪ್ರಿಯಂವದಾ, "ಅಮ್ಮನಿಗೆ ನೀವೇ ಹೇಳ್ಬೇಕು. ನಾವ್ಯಾರೂ ಬಾಯಿ ಬಿಡಲ್ಲ" ಎಂದಳು.

ಸಂಜೆಯ ದೀಪ ಹಚ್ಚಿ ಕಾವೇರಮ್ಮ ನಡುಮನೆಯ ಕುರ್ಚಿಯಲ್ಲಿ ಕಾದು ಕೂತಿದ್ದರು. ಶ್ರೀನಿವಾಸಯ್ಯನವರೂ ಕಾಫಿ ಲೋಟ ಹಿಡಿದು ಹಾಜರಿದ್ದರು.

"ಏನು ಸಿಕ್ತು?" ಎಂದರು ಕಾವೇರಮ್ಮ. "ಈ ಸಲನಾದ್ರೂ ನಿಮಗೆ ಸಿಕ್ತಾ?"

ವಾದಿರಾಜ ಎಂದಿನಂತೆ ಎಡಗಿವಿಯ ಕಡೆಗೇ ಹೋದ. ಪ್ರಹ್ಲಾದ ಹೊಸ್ತಿಲ ಬಳಿ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡದೆ ನಿಂತಿದ್ದ. ಏಳು ವರ್ಷ ತಲೆ ತಗ್ಗಿಸಿದಂತೆಯೇ ಈಗಲೂ ತಗ್ಗಿಸಿದ್ದ. ವಾದಿರಾಜ ಬಗ್ಗಿದ, ಬಾಯಿ ತೆರೆದ. ಮತ್ತೆ ನೆಟ್ಟಗಾದ. ಕುರ್ಚಿಯನ್ನು ಬಳಸಿಕೊಂಡು ಆ ಕಡೆಗೆ ಹೋಗಿ ಬಲಗಿವಿಯ ಹತ್ತಿರ ಬಗ್ಗಿದ.

"ಹುಳಿ ಸಿಕ್ತು ಅತ್ತೆ," ಎಂದ ಮೆಲ್ಲಗೆ. ಳಕಾರವನ್ನು ಸ್ವಚ್ಛವಾಗಿ, ಮೇಷ್ಟರು ಕಲಿಸಿದಂತೆಯೇ ಉಚ್ಚರಿಸಿದ. "ಒಂದೇ ಸಲ."

"ಹುಲಿ!" ಕಾವೇರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಕೇಳಿದ್ರಾ ಶ್ರೀನಿವಾಸಯ್ಯ? ನಮ್ಮ ದೊಡ್ಡಳಿಯನಿಗೂ ಹುಲಿ ಸಿಕ್ತಂತೆ!" ಅವರು ಎರಡೂ ಕೈಯಿಂದ ವಾದಿರಾಜನ ಕೆನ್ನೆ ಸವರಿ ನೆಟಿಕೆ ಮುರಿದರು. ಹದಿನಾರು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಇದೇ ಮೊದಲು. ಪ್ರಿಯಂವದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಳಿ, ಹೇಳಿ. ಎಷ್ಟು ದೊಡ್ಡದಿತ್ತು? ಹೇಗೆ ಬಂತು?"

ಎಲ್ಲರೂ ಅವನನ್ನೇ ನೋಡಿದರು. ಅವನ ಹತ್ತಿರ ಇದ್ದದ್ದು ಅಲ್ಲಾಡಿದ ಒಂದು ರೆಂಬೆ ಮಾತ್ರ. ಅವನು ಹೊಸ್ತಿಲ ಕಡೆ ನೋಡಿದ.

ಪ್ರಹ್ಲಾದ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದ.

"ಭಾವನಿಗೆ ಇನ್ನೂ ಮಾತೇ ಹೊರಡ್ತಿಲ್ಲ ಅತ್ತೆ. ನಾನ್ ಹೇಳ್ತೀನಿ ಕೇಳಿ," ಎಂದು ಅವರ ಎಡಗಡೆ ನೆಲದ ಮೇಲೆ ಕೂತ. ಏಳು ವರ್ಷದಲ್ಲಿ ಮೊದಲ ಸಲ ಅವನು ತಲೆ ಎತ್ತಿ ಹುಲಿಯ ಮಾತಾಡಿದ. ಪೊದೆಯಿಂದ ಮೊದಲು ಬಲಗಾಲು ಹೊರಗೆ ಬಂದದ್ದು, ಆ ಪಾದ ನಮ್ಮ ಊಟದ ತಟ್ಟೆಯಷ್ಟು ಅಗಲವಿದ್ದದ್ದು, ಕಿವಿಯ ಹಿಂದಿನ ಬಿಳಿ ಮಚ್ಚೆ, ಅದು ನಿಂತು ಜೀಪಿನ ಕಡೆ ನೋಡಿ, ಇವರೆಲ್ಲ ಯಾವ ಲೆಕ್ಕ ಎಂಬಂತೆ ಆಕಳಿಸಿ ಹೋದದ್ದು. ಒಂದೊಂದನ್ನೂ ಅವನು ನಿಧಾನವಾಗಿ, ಕಣ್ಣ ಮುಂದೆ ಇಟ್ಟುಕೊಂಡು ಹೇಳಿದ.

ವಾದಿರಾಜನ ಹೊಟ್ಟೆ ಹಿಂದೆಂದಿಗಿಂತಲೂ ಜೋರಾಗಿ ಉರಿಯುತ್ತಿತ್ತು. ಆದರೂ ಅವನು ಪಕ್ಕದಲ್ಲಿ ಕೂತು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ. ಮುಂದಿನ ಯುಗಾದಿ ಊಟದಲ್ಲಿ ಇದನ್ನೆಲ್ಲ ಅವನೇ ಹೇಳಬೇಕಾಗಿತ್ತು.