ನೀರು ಕುಡಿದವನ ಚಿತ್ರ

ಇಳಕಲ್ಲಿನ ಹುಸೇನಬಿಯ ಮಗಳು ಗುಲಾಬಬಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಹಾಗಾಗಿ ಮಾತೂ ಬರಲಿಲ್ಲ. ಹನ್ನೆರಡರ ಹುಡುಗಿ, ಕೈ ಬಹಳ ಚುರುಕು. ಅಣ್ಣ ಮಲೀಕಸಾಬ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ಮನೆಯಲ್ಲಿ ಅವಳೊಂದಿಗೆ ನಡೆಯುತ್ತಿದ್ದುದೆಲ್ಲ ಕೈಸನ್ನೆಯ ಮಾತು: ಉಣ್ಣು, ನೀರು ತಾ, ಮಲಗು, ಸಾಕು. ಅದಕ್ಕಿಂತ ಹೆಚ್ಚಿನದನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಸಂಜೆಯಾದರೆ ಅವಳು ಕೆಲಸ ಬಿಟ್ಟೆದ್ದು, ಹುನಗುಂದದ ಕಡೆಯಿಂದ ಮೋಟಾರು ಬಂದು ನಿಲ್ಲುವ ಜಾಗಕ್ಕೆ ಹೋಗುವಳು. ಇಳಿದವರ ಮುಖಗಳನ್ನೆಲ್ಲ ನೋಡಿ, ಮೋಟಾರು ಖಾಲಿಯಾದ ಮೇಲೆ ಮನೆಗೆ ಬರುವಳು. ಹುಡುಗಿಗೆ ಮೋಟಾರಿನ ಹುಚ್ಚು ಎಂದು ಓಣಿಯವರು ಅನ್ನುತ್ತಿದ್ದರು. ಮನೆಯವರೂ ಹಾಗೆಯೇ ತಿಳಿದಿದ್ದರು.

ಅವಳ ತಂದೆ ಮುರ್ತುಜಸಾಬ, ಸೀರೆಗೆ ಗಿರಾಕಿ ಇಲ್ಲದ ಕಾಲದಲ್ಲಿ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು, ಅಲ್ಲಿಯೇ ವಾಂತಿಭೇದಿ ಬಡಿದು ತೀರಿಕೊಂಡಿದ್ದ. ಸುದ್ದಿ ಮುಟ್ಟುವ ಹೊತ್ತಿಗೆ ದಫನ್ ಮುಗಿದಿತ್ತು. ಮಗನಿಗೂ ಮಣ್ಣು ಕೊಡಲು ಆಗಲಿಲ್ಲ. ಮನೆ ತುಂಬ ಹೆಂಗಸರು ಬಂದು ಅತ್ತು ಹೋದರು. ಆಗ ಗುಲಾಬಬಿ ಚಿಕ್ಕವಳು. ತಾಯಿಯ ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಂಡು, ಮೀಸೆ ತೀಡಿ ತೋರಿಸಿ, ಬಾಬಾ ಎಲ್ಲಿ ಎಂದು ಕೇಳಿದಳು. ಹುಸೇನಬಿ ರಸ್ತೆಯ ಕಡೆ ಕೈ ಮಾಡಿದಳು. ದೂರ ಹೋಗಿದ್ದಾನೆ. ಮಗು ನಂಬಿತು. ಆ ಮೇಲೆ ಆ ಸನ್ನೆಯನ್ನು ಬದಲಿಸುವ ಧೈರ್ಯ ತಾಯಿಗೆ ಬರಲೇ ಇಲ್ಲ. ಬರಬರುತ್ತ ಮಗು ಕೇಳುವುದನ್ನೂ ಬಿಟ್ಟಿತು. ಮರೆತಿರಬೇಕು ಎಂದುಕೊಂಡು ಅವಳು ಸುಮ್ಮನಾದಳು.

ಕನ್ನಡ ನಾಡು ಒಂದಾದ ಮರುವರ್ಷದ ಬೇಸಗೆಯಲ್ಲಿ ಊರಿಗೆ ಸರಕಾರದ ಪ್ರಚಾರದ ಮೋಟಾರು ಬಂತು. ವಿಜಾಪುರದ ಪಂಢರೀನಾಥ ಎಂಬವರು ಅದರ ಜೊತೆಗಿದ್ದ ನೌಕರರು. ಸಾಲೆಯ ಬಯಲಿನಲ್ಲಿ ಬಿಳಿ ಪರದೆ ಕಟ್ಟಿಸಿ, ಕತ್ತಲಾಗುತ್ತಲೇ ಚಿತ್ರ ಸುರು ಮಾಡಿದರು. ಹುಸೇನಬಿ ಮಕ್ಕಳಿಬ್ಬರ ಜೊತೆ ಬಂದು ಹೆಂಗಸರ ಹಿಂದೆ ಕೂತಳು. ಮೊದಲು ಒಡ್ಡು ಕಟ್ಟುವ ಚಿತ್ರ, ಆಮೇಲೆ ಗೊಬ್ಬರದ್ದು. ಎರಡರಲ್ಲೂ ಮಾತೇ ಮಾತು. ಗುಲಾಬಬಿ ಅಣ್ಣನ ಹೆಗಲಿಗೆ ಒರಗಿ ತೂಕಡಿಸಿದಳು.

ಮೂರನೆಯದು ಬರೆದ ಚಿತ್ರ. ಅದರಲ್ಲಿ ಮಾತಿರಲಿಲ್ಲ, ಬರಿಯ ವಾದ್ಯ. ಬಿಳಿ ಪರದೆಯ ಮೇಲೆ ಒಂದು ಕರಿಗೆರೆ ಓಡಿಬಂದು, ಸುರುಳಿ ಸುತ್ತಿ, ರುಮಾಲು ಕಟ್ಟಿದ ಮೀಸೆಯ ಮನುಷ್ಯನಾಯಿತು. ಜನ ಹೋ ಎಂದರು. ಗುಲಾಬಬಿ ಎಚ್ಚರಾದಳು. ಮನುಷ್ಯ ಗಂಟು ಹೊತ್ತು ನಡೆದ. ದಣಿದು ಹೊಂಡದ ಹತ್ತಿರ ಕೂತ. ಗುಡ್ಡೆಗಣ್ಣಿನ ನೊಣವೊಂದು ಬಂದು ಆ ನೀರಿನಲ್ಲಿ ಠೀವಿಯಿಂದ ಕಾಲು ತೊಳೆದುಕೊಂಡಾಗ ಬಯಲೆಲ್ಲ ನಕ್ಕಿತು. ಅವನು ಬೊಗಸೆ ತುಂಬ ನೀರು ಕುಡಿದ. ಮರುಗಳಿಗೆಗೆ ಹೊಟ್ಟೆ ಹಿಡಿದುಕೊಂಡ, ಹೊರಸಿನ ಮೇಲೆ ಬಿದ್ದ. ಹೆಂಡತಿ ಗಾಳಿ ಹಾಕುತ್ತ ಕೂತಳು. ಆಗ ಅವನ ಗೆರೆಗಳು ಕಾಲಿನಿಂದ ಮೇಲಕ್ಕೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತ ಬಂದು, ಕಡೆಗೆ ಮೀಸೆಯೂ ಅಳಿಸಿಹೋಯಿತು. ಹೊರಸು ಉಳಿಯಿತು. ಬರಿದಾದ ಹೊರಸಿಗೆ ಹೆಂಡತಿಯ ಬೀಸಣಿಗೆ ಇನ್ನೂ ಗಾಳಿ ಹಾಕುತ್ತಿತ್ತು. ಅದರ ಬೆನ್ನಿಗೇ ಒಲೆಯ ಮೇಲೆ ನೀರು ಕುದಿಯುವುದು ಬಂತು, ಒಂದು ಮಗು ಆ ನೀರು ಕುಡಿದು ನಕ್ಕಿತು, ಚಿತ್ರ ಮುಗಿಯಿತು. ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತೂ ಹಿಡಿದಿರಲಿಲ್ಲ.

ಗುಲಾಬಬಿ ಎದ್ದು ನಿಂತುಬಿಟ್ಟಿದ್ದಳು. ಹಿಂದಿನವರು ಕೂಡ್ರು ಕೂಡ್ರು ಎಂದು ಗದರುತ್ತಿದ್ದರು. ಮಲೀಕಸಾಬ ಕೈ ಹಿಡಿದು ಎಳೆದರೂ ಅವಳು ಕೂರಲಿಲ್ಲ.

ಮನೆಗೆ ಬಂದದ್ದೇ ಅವಳು ಕಂದೀಲಿನ ಬೆಳಕಿನಲ್ಲಿ ತಾಯಿಯ ಎದುರು ನಿಂತಳು. ಮೀಸೆ ತೀಡಿದಳು. ಬೊಗಸೆಯಿಂದ ಕುಡಿದಳು. ಹೊಟ್ಟೆ ಹಿಡಿದುಕೊಂಡಳು. ಮುಷ್ಟಿ ಕಟ್ಟಿ, ಬಿಚ್ಚಿ, ಬರಿಗೈ ತೋರಿಸಿದಳು. ಆಮೇಲೆ ತಾಯಿಯ ಮುಖವನ್ನೇ ನೋಡುತ್ತ ನಿಂತಳು.

ಹುಸೇನಬಿಯ ಕೈ ರಸ್ತೆಯ ಕಡೆ ಏಳಲು ಹೋಗಿ ಅರ್ಧಕ್ಕೇ ನಿಂತಿತು.

"ಅಮ್ಮಾ, ಅಕಿ ದಿನಾ ಹೋಗತಿದ್ದದ್ದು ಮೋಟಾರ ನೋಡಾಕ ಅಲ್ಲ," ಎಂದ ಮಲೀಕಸಾಬ. "ಬಾಬಾ ಬರತಾನಂತ ಹೋಗತಿದ್ದಳು. ಇನ್ನ ಸುಳ್ಳ ಹೇಳೂದು ಬ್ಯಾಡ."

"ಯಾವ ಸನ್ನಿ ಮಾಡಿ ಹೇಳಲೋ? ನನಗ ಬರೂದಿಲ್ಲ," ಎಂದಳು ಹುಸೇನಬಿ.

ಆಮೇಲೆ ಅವಳು ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಕಣ್ಣು ಮುಚ್ಚಿದಳು. ತನ್ನ ಸೆರಗನ್ನೇ ಮುಖದ ಮೇಲೆ ಎಳೆದುಕೊಂಡಳು. ಗುಲಾಬಬಿ ಹೆದರಿ ಸೆರಗು ಕಿತ್ತು ತೆಗೆದಳು. ತಾಯಿ ಕಣ್ಣು ತೆರೆದು ಎದ್ದು ಕೂತು, ಮೀಸೆಯ ಸನ್ನೆ ಮಾಡಿ, ಇಲ್ಲವೆಂದು ತಲೆಯಾಡಿಸಿದಳು. ಅವನು ಏಳಲಿಲ್ಲ.

ಹುಡುಗಿ ಅಳಲಿಲ್ಲ. ತಾಯಿಯ ಎದೆಗೆ, ತೋಳಿಗೆ, ಸಿಕ್ಕಲ್ಲಿ ಗುದ್ದತೊಡಗಿದಳು. ಬಿಡಿಸಲು ಬಂದ ಮಗನನ್ನು ಹುಸೇನಬಿ ಕಣ್ಣಿನಲ್ಲೇ ತಡೆದಳು. ಮಗಳು ದಣಿಯುವವರೆಗೂ ಹೊಡೆಸಿಕೊಂಡಳು.

ಮರುದಿನ ರಾಟೆ ತಿರುಗಲಿಲ್ಲ. ಗುಲಾಬಬಿ ಉಣ್ಣಲಿಲ್ಲ, ಸಂಜೆ ಮೋಟಾರಿನ ಕಡೆಗೂ ಹೋಗಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಅಣ್ಣನ ಮುಂದೆ ನಿಂತು ಗಾಳಿಯಲ್ಲಿ ಚೌಕ ಬರೆದು, ನೊಣದ ಗುಡ್ಡೆಗಣ್ಣು ಮಾಡಿ ತೋರಿಸಿದಳು. ಆ ಚಿತ್ರವನ್ನು ಅವಳು ಇನ್ನೊಮ್ಮೆ ನೋಡಬೇಕಿತ್ತು.

ಪ್ರಚಾರದವರು ಹುನಗುಂದಕ್ಕೆ ಹೋಗಿದ್ದರು. ಮಲೀಕಸಾಬ ಮಗ್ಗ ನಿಲ್ಲಿಸಿ ತಾಯಿ, ತಂಗಿಯನ್ನು ಕರೆದುಕೊಂಡು ಅಲ್ಲಿಗೆ ಹೋದ. ಪಂಢರೀನಾಥರು ಸಾಲೆಯ ಜಗುಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಮಲೀಕಸಾಬ ಹಿಂಜರಿಯುತ್ತ ನಡೆದದ್ದನ್ನೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವರು ಬಟ್ಟಲನ್ನು ಕೆಳಗಿಟ್ಟರು.

"ಊರೂರಿಗೆ ಇದನ್ನ ತೋರಿಸಿಕೋತ ಬಂದೇನಿ," ಎಂದರು. "ನೊಣ ಬಂದಾಗ ಮಂದಿ ನಕ್ಕರ ಸಾಕು, ಕೆಲಸ ಆತು ಅನಕೊಳ್ತಿದ್ದೆ. ಆ ಮನಷ್ಯಾ ಸತ್ತಾನ ಅನ್ನೂದು ನನ್ನ ತಲ್ಯಾಗ ಎಂದೂ ಬಂದಿಲ್ಲ ನೋಡ್ರಿ."

ರಜೆಯ ದಿನಗಳು, ಸಾಲೆ ಖಾಲಿಯಿತ್ತು. ಅವರು ಒಂದು ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ಗೋಡೆಗೆ ಧೋತರ ಕಟ್ಟಿ, ಹಾಡುಹಗಲೇ ಆ ಮೂವರಿಗಾಗಿ ಯಂತ್ರ ಹೂಡಿದರು. ಗುಲಾಬಬಿ ಮುಂದೆ ಹೋಗಿ ನೆಲದ ಮೇಲೆ ಕೂತಳು. ನೊಣ ಕಾಲು ತೊಳೆಯಿತು, ಯಾರೂ ನಗಲಿಲ್ಲ. ಚಿತ್ರ ಮುಗಿದಾಗ ಅವಳು ಹಿಂತಿರುಗಿ ನೋಡಿದಳು. ಯಾರೂ ಕೇಳುವ ಮೊದಲೇ ಪಂಢರೀನಾಥರು ಸುರುಳಿ ಸುತ್ತಿ ಮತ್ತೆ ಬಿಟ್ಟರು. ಈ ಸಲ ಗೆರೆಗಳು ಬಿಚ್ಚತೊಡಗಿದಾಗ ಅವಳು ಎದ್ದು ಹೋಗಿ ಹೊರಸಿನ ಮೇಲೆ ಅಂಗೈ ಇಟ್ಟಳು. ಮನುಷ್ಯ ಅವಳ ಕೈಯ ಮೇಲೆಯೇ ಅಳಿಸಿಹೋದ. ಅವಳ ಗಂಟಲಿನಿಂದ ಒರಟಾದ ಸ್ವರವೊಂದು ಹೊರಟಿತು. ಹುಸೇನಬಿ ಓಡಿಹೋಗಿ ಅವಳನ್ನು ತಬ್ಬಿದಳು. ಇಷ್ಟು ವರ್ಷ ಹಿತ್ತಲಿಗೆ ಹೋಗಿ ಬಚ್ಚಿಟ್ಟುಕೊಂಡು ಅತ್ತವಳು, ಅಂದು ಮಗಳ ಮುಂದೆಯೇ ಅತ್ತಳು. ನೀರು ಕಾಯಿಸುವ ಭಾಗ ಬರುವುದರೊಳಗೆ ಪಂಢರೀನಾಥರು ಯಂತ್ರದ ದೀಪ ಆರಿಸಿದರು.

ಬಕ್ರೀದಿನ ಸೀರೆಗಳನ್ನು ನೇಯ್ದು ಮುಗಿಸಿದ ಮೇಲೆ ಮೂವರೂ ಬಾಗಲಕೋಟೆಯಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದರು. ಮುರ್ತುಜಸಾಬ ಬಾಡಿಗೆಗಿದ್ದ ಮನೆಯ ದೌಲತಬಿ ಎಂಬ ಮುದುಕಿ ಅವರನ್ನು ಕಬರಸ್ತಾನದ ಬೇಲಿಯವರೆಗೆ ಕರೆದೊಯ್ದಳು. ವಾಂತಿಭೇದಿಯ ಆ ವರ್ಷ ಒಬ್ಬರ ಬೆನ್ನಿಗೆ ಒಬ್ಬರನ್ನು ಹೂಳಿದ್ದರು. ಅಕ್ಕಪಕ್ಕದ ಎರಡು ದಿಬ್ಬಗಳಲ್ಲಿ ಯಾವುದು ಅವನದೆಂದು ಒಳಗೆ ಕಾಯುವವನಿಗೂ ಖಚಿತವಿರಲಿಲ್ಲ. ಮಲೀಕಸಾಬ ಅದನ್ನು ತಂಗಿಗೆ ಸನ್ನೆಯಲ್ಲಿ ಹೇಳಿದ. ಅವಳು ನಡುವೆ ಕೂತು ಎರಡರ ಮೇಲೂ ಒಂದೊಂದು ಕೈ ಇಟ್ಟಳು. ತಾಯಿ, ಅಣ್ಣ ಫಾತಿಹಾ ಓದಿ ಮುಗಿಸಿದ ಮೇಲೂ ಹಾಗೆಯೇ ಕೂತಿದ್ದಳು.

ಊರಿಗೆ ಮರಳಿದ ಮೇಲೆ ಅವಳ ಪ್ರಶ್ನೆಗಳು ಸುರುವಾದವು. ಕಣ್ಮರೆಯಾದವರೆಲ್ಲ ಒಬ್ಬೊಬ್ಬರಾಗಿ ಅವಳಿಗೆ ನೆನಪಾಗುತ್ತಿದ್ದರು. ಓಣಿಯ ಕುಂಟ ಮುದುಕ ಎಲ್ಲಿ? ಮನೆಯ ಕರಿ ಆಡು ಎಲ್ಲಿ? ಹುಸೇನಬಿ ಒಲೆಯ ಮುಂದಿನ ಕೆಲಸ ಬಿಟ್ಟು ಬಂದು, ಹೊಸ ಹೊಸ ಸನ್ನೆ ಹುಡುಕಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಗುಲಾಬಬಿ ನೆರೆಮನೆಯ ಸಂಗವ್ವನ ಮಗಳ ಬಗ್ಗೆ ಕೇಳಿದಳು. ಕೇಳುವಾಗಲೇ ಅವಳ ಮುಖ ಬಾಡಿತ್ತು. ಆ ಹುಡುಗಿಯನ್ನು ಶಿರೂರಿಗೆ ಕೊಟ್ಟಿದ್ದರು. ಹುಸೇನಬಿ ತಾಳಿ ಕಟ್ಟಿ ತೋರಿಸಿದಳು, ರೊಟ್ಟಿ ಬಡಿದು ತೋರಿಸಿದಳು, ಕಡೆಗೆ ತನ್ನ ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಗುಂಡು ಬರೆದಳು. ಗುಲಾಬಬಿ ಅದನ್ನು ದಿಟ್ಟಿಸಿ ನೋಡಿ, ಅರ್ಥವಾಗಿ, ತಾಯಿಯ ತೊಡೆಯ ಮೇಲೆ ಬಿದ್ದು ನಕ್ಕಳು.