ಎಲೆ ತಿಂದ ನೆಲ

ಕಾಡಿನ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗ್ರಾಮಕ್ಕ ಎಂದು. ಹೊಸದಾಗಿ ಸೇರಿದವರು ಯಾವುದೋ ಗ್ರಾಮದಿಂದ ಬಂದ ಅಕ್ಕ ಇರಬೇಕು ಅಂದುಕೊಳ್ಳುತ್ತಿದ್ದರು. ವಿಷಯ ಅದಲ್ಲ. ಹದಿನೆಂಟು ವರ್ಷದಿಂದ ಅವಳು ಅಲ್ಲಿ ಎಲೆ ತೂಗುತ್ತಿದ್ದಳು. ಉದುರಿದ ಎಲೆ, ಕಡ್ಡಿ, ಹೂವು, ತೊಗಟೆಯ ಚೂರು ಎಲ್ಲವನ್ನೂ ಆರಿಸಿ, ಒಣಗಿಸಿ, ಗ್ರಾಂ ಲೆಕ್ಕದಲ್ಲಿ ಬರೆದಿಡುವುದು ಅವಳ ಕೆಲಸ. ಆ ಗ್ರಾಂ ಎಂಬುದು ಬರುಬರುತ್ತಾ ಮಾತಿಗೂ ಹತ್ತಿಕೊಂಡಿತ್ತು. "ನನ್ನ ಹತ್ರ ಉಳಿದಿರೋದು ಹತ್ತು ಗ್ರಾಂ ತಾಳ್ಮೆ. ಅದನ್ನೂ ಮುಗಿಸ್ಬೇಡಿ" ಎಂದು ಅವಳು ಗದರಿದರೆ ಎದುರಿಗಿದ್ದವರು ನಗು ನುಂಗಿಕೊಂಡು ಜಾಗ ಖಾಲಿ ಮಾಡುತ್ತಿದ್ದರು.

ಬೇಸಗೆಯ ಒಂದು ಬೆಳಗ್ಗೆ ಆ ಹತ್ತು ಗ್ರಾಮೂ ಉಳಿಯಲಿಲ್ಲ.

ತೂಕದ ಕೋಣೆಯ ಬೀಗ ತೆಗೆಯುತ್ತಿದ್ದವಳಿಗೆ ಅಳತೆಗೆಂದು ಗುರುತಿಸಿಟ್ಟ ಏಳು ತುಂಡು ನೆಲದಲ್ಲಿ ಕೊನೆಯದಾದ ಏಳನೇ ತಾಕಿನ ಕಡೆಯಿಂದ ಬರಬರ ಸದ್ದು ಕೇಳಿತು. ಒಣಗಿದ ಎಲೆಯನ್ನು ಯಾರೋ ಬಾಚುತ್ತಿದ್ದ ಸದ್ದು. ಕೀಲಿಕೈ ಬೀಗದಲ್ಲೇ ಬಿಟ್ಟು ಓಡಿದಳು. ಹೋಗಿ ನೋಡಿದರೆ ಬೆಂಕಿ ಕಾವಲಿನ ಎಂಟು ಜನ ಸಾಲಾಗಿ ನಿಂತು ತಾಕಿನ ನೆಲವನ್ನು ಅಂಗಳ ಗುಡಿಸಿದ ಹಾಗೆ ಗುಡಿಸುತ್ತಿದ್ದಾರೆ. ಆಗಲೇ ಅರ್ಧ ತಾಕು ಬೋಳಾಗಿತ್ತು. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ಅಣ್ಣ. ಒಂದೇ ಮನೆಯಲ್ಲಿ ಒಂದು ಗಂಟೆಯ ಹಿಂದೆ ಇಬ್ಬರೂ ಎದುರುಬದುರು ಕೂತು ತಿಂಡಿ ತಿಂದಿದ್ದರು. ಅವನು ತುಟಿಪಿಟಕ್ ಅಂದಿರಲಿಲ್ಲ.

"ಅಣ್ಣಾ! ನಿಲ್ಸು ಅಂತೀನಿ, ನಿಲ್ಸು! ಯಾರನ್ನ ಕೇಳಿ ಮುಟ್ಟಿದೆ ಇದನ್ನ?"

"ಕೇಳೋದೇನು ಬಂತು? ಮೊಣಕಾಲುದ್ದ ಎಲೆ ಬಿದ್ದಿದೆ. ರಸ್ತೇಲಿ ಹೋಗೋನು ಒಬ್ಬ ಬೀಡಿ ಎಸೆದ್ರೆ ಸಾಕು, ಎಲ್ಲಾ ಭಸ್ಮ."

"ಅದು ಕಸ ಅಲ್ಲ ಅಣ್ಣ, ಮರದ ಊಟ. ತಟ್ಟೆಗೆ ಬಡಿಸಿದ್ದನ್ನ ಕಿತ್ಕೊಂಡು ಹೋದ ಹಾಗಾಯ್ತು."

"ಯಾವ ಊಟ? ಐದು ವರ್ಷದಿಂದ ನೀನೇ ಹೇಳ್ತಿದ್ದೀಯಲ್ಲ, ಈ ತಾಕಲ್ಲಿ ಎಲೆ ಕೊಳೆಯೋದೇ ಇಲ್ಲ ಅಂತ? ತಿನ್ನೋರೇ ಇಲ್ದಿದ್ರೆ ಬಡಿಸಿ ಏನು ಉಪಯೋಗ?"

ಆ ಮಾತು ಚುರ್ರೆಂದು ತಾಗಿತು. ಯಾಕೆಂದರೆ ಅದು ನಿಜವಾಗಿತ್ತು. ಏಳನೇ ತಾಕು ಹಿಂದೆ ರಸ್ತೆ ಕೆಲಸದವರು ಜಲ್ಲಿ ರಾಶಿ ಹಾಕುತ್ತಿದ್ದ ಜಾಗ. ಲಾರಿಗಳು ತುಳಿದು ತುಳಿದು ನೆಲ ಕಲ್ಲಾಗಿತ್ತು. ಹನ್ನೆರಡು ವರ್ಷದ ಹಿಂದೆ ಅಲ್ಲಿ ಗುಂಡಿ ತೋಡಿ ಸಸಿ ಇಟ್ಟಿದ್ದರು. ಕೆಲವು ಮರ ತಾವಾಗಿಯೇ ಹುಟ್ಟಿಕೊಂಡಿದ್ದವು. ಈಗ ಮರಗಳೇನೋ ಮನೆಯೆತ್ತರ ಆಗಿದ್ದವು. ಬೇಸಗೆ ಬಂದರೆ ಇದ್ದಬದ್ದ ಎಲೆಯನ್ನೆಲ್ಲ ಉದುರಿಸಿ ಕಡ್ಡಿ ಕಡ್ಡಿಯಾಗಿ ನಿಲ್ಲುತ್ತಿದ್ದವು. ಆದರೆ ಉದುರಿದ್ದು ಉದುರಿದ ಹಾಗೇ ಬಿದ್ದಿರುತ್ತಿತ್ತು. ಪಕ್ಕದ ಹಳೆಯ ಕಾಡಿನಲ್ಲಾದರೆ ಮಳೆ ಬಿದ್ದದ್ದೇ ತಡ, ಗೆದ್ದಲು, ಹುಳ, ಬೂಷ್ಟು ಎಲ್ಲ ಮುಗಿಬಿದ್ದು ಎಲೆಯನ್ನು ಮಣ್ಣು ಮಾಡಿ, ಅದರ ಸತ್ವವನ್ನು ಬೇರಿಗೆ ತಲುಪಿಸಿಬಿಡುತ್ತಿದ್ದವು. ಏಳನೇ ತಾಕಿನಲ್ಲಿ ಗ್ರಾಮಕ್ಕ ಪ್ರತಿವರ್ಷ ಅಂಗೈಯಗಲದ ಬಲೆಚೀಲಗಳಲ್ಲಿ ಇಪ್ಪತ್ತಿಪ್ಪತ್ತು ಗ್ರಾಂ ಎಲೆ ತುಂಬಿ ನೆಲದ ಮೇಲಿಟ್ಟು, ಮಳೆಗಾಲದಲ್ಲಿ ತೆಗೆದು ತೂಗುತ್ತಿದ್ದಳು. ಪ್ರತಿವರ್ಷವೂ ಹದಿನೇಳೂವರೆ, ಹದಿನೆಂಟು. ನೆಲಕ್ಕೆ ಹಸಿವೆಯೇ ಇರಲಿಲ್ಲ.

ಗಲಾಟೆ ಕೇಳಿ ಮಣ್ಣಿನ ಡಾಕ್ಟ್ರು ಬಂದರು. ಔಷಧಿ ಕೊಡುವ ಡಾಕ್ಟ್ರಲ್ಲ. ಮಣ್ಣಿನ ಮೇಲೆ ಓದಿ ಡಾಕ್ಟರೇಟ್ ತಗೊಂಡ, ಇನ್ನೂ ಮೂವತ್ತೈದು ದಾಟದ ಹೆಂಗಸು. ಏಳೂ ತಾಕು ಅವರ ಸುಪರ್ದಿನಲ್ಲಿದ್ದವು. ಅಣ್ಣ ತಂಗಿ ಇಬ್ಬರ ಮಾತನ್ನೂ ಕೇಳಿ, ಬೋಳಾದ ಅರ್ಧವನ್ನೂ ಎಲೆ ಹೊದ್ದ ಅರ್ಧವನ್ನೂ ನೋಡಿ, "ಆಗಿದ್ದು ಆಗಿಹೋಯ್ತು. ಇಲ್ಲಿಗೆ ನಿಲ್ಸಿ. ಗ್ರಾಮಕ್ಕ, ನೀವು ಎರಡೂ ಕಡೆ ಇಪ್ಪತ್ತಿಪ್ಪತ್ತು ಚೀಲ ಇಡಿ. ಮಳೆ ಬರ್ಲಿ, ನೋಡೋಣ" ಎಂದರು.

ಅಂದಿನಿಂದ ಅಣ್ಣ ತಂಗಿ ಮಾತು ಬಿಟ್ಟರು. ಏನಿದ್ದರೂ ಅತ್ತಿಗೆಯ ಮೂಲಕ. "ಅತ್ತಿಗೆ, ನಿಮ್ಮ ಯಜಮಾನರಿಗೆ ಹೇಳಿ, ಬಚ್ಚಲಲ್ಲಿ ನೀರು ಕಾದಿದೆ" ಎಂದು ಇವಳು. "ನಿನ್ನ ನಾದಿನಿಗೆ ಹೇಳು, ನನಗೂ ಕಿವಿ ಇದೆ" ಎಂದು ಅವನು. ಅತ್ತಿಗೆ ಮೂರು ದಿನ ಅಂಚೆಯವಳ ಕೆಲಸ ಮಾಡಿ ನಾಲ್ಕನೆಯ ದಿನ ಸೌಟು ಕುಕ್ಕಿ, "ನಿಮ್ಮಿಬ್ಬರ ಮಧ್ಯೆ ನಾನು ಫೋನು ಕಂಬ ಅಲ್ಲ" ಎಂದು ಎದ್ದು ಹೋದಳು.

ಹನ್ನೆರಡನೆಯ ದಿನ ನಡುಮಧ್ಯಾಹ್ನ, ತೂಕದ ಕೋಣೆಯ ಕಿಟಕಿಯಲ್ಲಿ ಹೊಗೆ ಕಾಣಿಸಿತು.

ರಸ್ತೆಯಂಚಿನ ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಯ ಬೆನ್ನೇರಿ ಏಳನೇ ತಾಕಿನತ್ತಲೇ ಬರುತ್ತಿತ್ತು. ಗ್ರಾಮಕ್ಕ ಮೂಲೆಯಲ್ಲಿದ್ದ ಗೋಣಿಚೀಲವನ್ನು ನೀರಿನ ತೊಟ್ಟಿಗೆ ಅದ್ದಿಕೊಂಡು ಓಡಿದಳು. ಅಣ್ಣ ಆಗಲೇ ಅಲ್ಲಿದ್ದ. ಮುಖಕ್ಕೆ ಒದ್ದೆ ಬಟ್ಟೆ, ಕೈಯಲ್ಲಿ ಹಸಿ ಕೊಂಬೆ. ಎಡ ಮುಂಗೈಯ ಸುಕ್ಕುಗಟ್ಟಿದ ಚರ್ಮ ಬಿಸಿಲಿಗೆ ಹೊಳೆಯುತ್ತಿತ್ತು. ಒಂಬತ್ತು ವರ್ಷದ ಹಿಂದೆ ಮೂರನೇ ತಾಕು ಉರಿದಾಗ ಆದ ಸುಟ್ಟ ಗಾಯ ಅದು.

"ಎಡಗಡೆ ಬಾ! ಗಾಳಿಗೆ ಎದುರು ನಿಲ್ಬೇಡ ಕಣೇ!" ಎಂದು ಅವನು ಕೂಗಿದ. ಮಾತು ಬಿಟ್ಟದ್ದು ಇಬ್ಬರಿಗೂ ಮರೆತೇಹೋಗಿತ್ತು.

"ಬಂದೆ! ನೀನು ಹಿಂದೆ ಸರಿ, ತಲೆ ಮೇಲೆ ಕಿಡಿ ಬೀಳ್ತಿದೆ!"

ಬಡಿದರು, ಬಡಿದರು, ತೋಳು ಬಿದ್ದು ಹೋಗುವಷ್ಟು ಬಡಿದರು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಹುಲ್ಲನ್ನು ಮುಗಿಸಿದ ಬೆಂಕಿ ಕೊನೆಗೂ ತಾಕಿನ ಅಂಚಿಗೆ ಬಂದೇಬಿಟ್ಟಿತು. ಬಂದು, ಅಣ್ಣ ಗುಡಿಸಿ ಬೋಳು ಮಾಡಿದ್ದ ಅರ್ಧಕ್ಕೆ ಕಾಲಿಟ್ಟಿತು. ಅಲ್ಲಿ ಅದಕ್ಕೆ ತಿನ್ನಲು ಏನೂ ಸಿಗಲಿಲ್ಲ. ಅತ್ತಿತ್ತ ನಾಲಿಗೆ ಚಾಚಿತು, ಎರಡು ಕಡ್ಡಿ ನೆಕ್ಕಿತು, ಹೊಗೆಯಾಗಿ ಸತ್ತಿತು. ಅದರಾಚೆ ಗ್ರಾಮಕ್ಕನ ಎಲೆ ಹೊದ್ದ ಅರ್ಧ ಒಂದು ಕಡ್ಡಿಯೂ ಕರಕಾಗದೆ ಉಳಿಯಿತು.

ಅಣ್ಣ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಹಂಗಿಸಲಿಲ್ಲ, ಬೀಗಲಿಲ್ಲ. "ನೋಡಿದ್ಯಾ?" ಎಂದ ಅಷ್ಟೆ.

"ನೋಡ್ದೆ ಕಣಣ್ಣ" ಎಂದಳು ಅವಳು. ಅವನು ಗುಡಿಸದೇ ಇದ್ದಿದ್ದರೆ ಅವಳ ಹದಿನೆಂಟು ವರ್ಷದಲ್ಲಿ ಹನ್ನೆರಡು ವರ್ಷ ಬೂದಿಯಾಗಿರುತ್ತಿತ್ತು.

ಆದರೆ ಸುದ್ದಿ ದೊಡ್ಡ ಆಫೀಸಿಗೆ ಹೋಯಿತು. ವಾರದೊಳಗೆ ಕಾಗದ ಬಂತು: ಮುಂದಿನ ಬೇಸಗೆಯಿಂದ ಎಲ್ಲ ಏಳು ತಾಕುಗಳಲ್ಲೂ ಎಲೆ ಪೂರ್ತಿ ಬಾಚಿ ಹೊರಗೆ ಸಾಗಿಸತಕ್ಕದ್ದು. ಡಾಕ್ಟ್ರು ಅದನ್ನು ಗ್ರಾಮಕ್ಕನಿಗೆ ಓದಿ ಹೇಳಿದರು. ಏಳು ತಾಕಿನ ಮರಗಳೂ ಇನ್ನು ಉಪವಾಸ.

"ಬೇಡ ಅಂತ ಬರೀಬಹುದಲ್ವಾ ಮೇಡಂ?"

"ಬರೀಬಹುದು. ಆದ್ರೆ ಏನಂತ ಬರೀಲಿ? ಅವರು ಕೇಳ್ತಿರೋದು ಬೆಂಕಿ ಬಂದ ತಾಕಿನ ಲೆಕ್ಕ. ಏಳನೇ ತಾಕಲ್ಲಿ ಎಲೆ ಬಿಟ್ರೂ ಅಷ್ಟೆ, ತೆಗೆದ್ರೂ ಅಷ್ಟೆ ಅಂತ ನಿಮ್ಮ ಲೆಕ್ಕವೇ ಹೇಳ್ತಿದೆ. ಮಳೆಗಾಲ ಮುಗಿಯೋದ್ರೊಳಗೆ ಉತ್ತರ ಕೊಡ್ತೀನಿ ಅಂತ ಹೇಳಿದ್ದೀನಿ. ಅಷ್ಟರಲ್ಲಿ ನೆಲ ಏನಾದ್ರೂ ಹೇಳುತ್ತಾ ನೋಡೋಣ."

ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಮೊದಲ ಮಳೆ ಬಿದ್ದ ದಿನವೇ ಗ್ರಾಮಕ್ಕ ಎರಡೂ ಅರ್ಧದಲ್ಲಿ ಇಪ್ಪತ್ತಿಪ್ಪತ್ತು ಚೀಲ ಇಟ್ಟಳು. ಆಮೇಲೆ ನಲವತ್ತು ದಿನ ಅವುಗಳ ಹತ್ತಿರ ಸುಳಿಯಲಿಲ್ಲ. ಮುಟ್ಟಿ ನೋಡಬೇಕೆಂದು ಕೈ ತುರಿಸುತ್ತಿದ್ದರೂ ಮುಟ್ಟಲಿಲ್ಲ. ನಲವತ್ತೊಂದನೆಯ ದಿನ ಕೊಡೆ ಹಿಡಿದು ಹೋಗಿ ನಲವತ್ತು ಚೀಲವನ್ನೂ ಎತ್ತಿಕೊಂಡು ಬಂದಳು. ಒಂದೊಂದನ್ನೇ ಬಿಚ್ಚಿ, ಮೆತ್ತಿದ ಮಣ್ಣನ್ನು ಮೆಲ್ಲನೆ ತೊಳೆದು, ಕಾಗದದ ಲಕೋಟೆಗೆ ಹಾಕಿ, ಒಣಗಿಸುವ ಒಲೆಯಲ್ಲಿ ಎರಡು ದಿನ ಇಟ್ಟಳು.

ಮೂರನೆಯ ಬೆಳಗ್ಗೆ ತಕ್ಕಡಿಯ ಗಾಜಿನ ಬಾಗಿಲು ಸರಿಸಿ ಮೊದಲನೆಯ ಲಕೋಟೆಯ ಎಲೆ ಸುರಿದಳು. ಎಲೆ ಹೊದ್ದ ಅರ್ಧದ ಚೀಲ. ಅಂಕಿ ಏರುತ್ತ ಹೋಗಿ ನಿಂತಿತು.

ಹನ್ನೊಂದು ಗ್ರಾಂ.

ಚೀಲ ಹರಿದು ಎಲೆ ಚೆಲ್ಲಿಹೋಗಿರಬೇಕು ಅಂದುಕೊಂಡಳು. ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಎಳೆಯೂ ಕಿತ್ತಿರಲಿಲ್ಲ. ತಕ್ಕಡಿ ಕೆಟ್ಟಿತೇ? ಹಿತ್ತಾಳೆಯ ಇಪ್ಪತ್ತು ಗ್ರಾಮಿನ ಬಟ್ಟು ಇಟ್ಟಳು. ಸರಿಯಾಗಿ ಇಪ್ಪತ್ತು. ತೆಗೆದಳು, ಒರೆಸಿದಳು, ಮತ್ತೆ ಇಟ್ಟಳು. ಇಪ್ಪತ್ತೇ. ಎರಡನೆಯ ಲಕೋಟೆ: ಹತ್ತೂ ಮುಕ್ಕಾಲು. ಮೂರನೆಯದು ಹನ್ನೊಂದೂವರೆ. ನಾಲ್ಕನೆಯದನ್ನು ಪಕ್ಕಕ್ಕಿಟ್ಟಳು. ತಡೆಯಲಾರದೆ ಗುಡಿಸಿದ ಅರ್ಧದ ಒಂದು ಲಕೋಟೆ ತೆಗೆದು ಸುರಿದಳು. ಹದಿನೇಳೂವರೆ! ಇನ್ನೊಂದು. ಹದಿನೆಂಟು!

ಅವಳ ಬಾಯಿಂದ ಹೊರಟ ಕೂಗಿಗೆ ಪಕ್ಕದ ಕೋಣೆಯಿಂದ ಡಾಕ್ಟ್ರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿಬಂದರು.

"ಏನಾಯ್ತು ಗ್ರಾಮಕ್ಕ? ಹಾವು ಬಂತಾ?"

"ಹಾವಲ್ಲ ಮೇಡಂ, ಹನ್ನೊಂದು ಬಂತು! ಹನ್ನೊಂದು!"

ಡಾಕ್ಟ್ರು ಪುಸ್ತಕದ ಅಂಕಿ ನೋಡಿದರು. ತಕ್ಕಡಿ ನೋಡಿದರು. ಬಟ್ಟನ್ನು ತಾವೂ ಒಮ್ಮೆ ಇಟ್ಟು ನೋಡಿದರು. ಆಮೇಲೆ ಎಳೆಹುಡುಗಿಯ ಹಾಗೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. "ತಿಂತಿದೆ ಗ್ರಾಮಕ್ಕ! ಎಲೆ ಬಿಟ್ಟ ಕಡೆ ನೆಲ ತಿನ್ನೋಕೆ ಶುರು ಮಾಡಿದೆ!"

"ಯಾರು ಮೇಡಂ ತಿಂತಿರೋದು? ಮೊದ್ಲು ಯಾರೂ ಇರ್ಲಿಲ್ವಲ್ಲ?"

"ನಡೀರಿ, ಹೋಗಿ ನೋಡೋಣ!"

ಗ್ರಾಮಕ್ಕ ನಡೆಯುತ್ತಲೇ ಅಣ್ಣನಿಗೆ ಫೋನು ಮಾಡಿದಳು. "ಎಲ್ಲಿದ್ದರೂ ಏಳನೇ ತಾಕಿಗೆ ಬಾ." "ಬೆಂಕಿನಾ?" ಎಂದ ಅವನು, ದನಿಯೇ ಬದಲಾಗಿ. "ಸುರಿಯೋ ಮಳೇಲಿ ಎಂಥಾ ಬೆಂಕಿ? ಬಾ ಅಂದ್ರೆ ಬಾ!"

ಮೂವರೂ ಎಲೆ ಹೊದ್ದ ಅರ್ಧದ ನಡುವೆ ಮೊಣಕಾಲೂರಿ ಕೂತರು. ಗ್ರಾಮಕ್ಕ ಪುಸ್ತಕದ ಹಾಳೆ ತಿರುವುವಷ್ಟು ನಾಜೂಕಾಗಿ ಎಲೆಗಳನ್ನು ಎತ್ತಿದಳು. ಮೇಲಿನದು ಬರಿಯ ಒದ್ದೆ ಎಲೆ. ಅದರ ಕೆಳಗೆ ಮೆತ್ತಗೆ ಕಪ್ಪಗಾದದ್ದು. ಅದರ ಕೆಳಗಿನ ಎಲೆಗಳಲ್ಲಿ ಹಸಿರೂ ಇಲ್ಲ, ಕಂದೂ ಇಲ್ಲ. ನರಗಳಷ್ಟೇ ಉಳಿದ ಸಣ್ಣ ಬಲೆ. ಐದು ವರ್ಷ ಎಲೆಯ ಮೇಲೆ ಎಲೆ ಬಿದ್ದು, ಅಡಿಯಲ್ಲಿ ನೆರಳು, ತಂಪು, ತೇವ ಎಲ್ಲ ಕೂಡಿಬಂದು, ಯಾರಿಗೂ ಹೇಳದೆ ಕೇಳದೆ ಅಲ್ಲೊಂದು ಸಂಸಾರ ಬಂದು ನೆಲೆಸಿತ್ತು. ಗೆದ್ದಲು ಹರಿದಾಡುತ್ತಿತ್ತು. ಸುರುಳಿ ಸುತ್ತಿದ ಸಹಸ್ರಪದಿ ಬೆಳಕಿಗೆ ಮುನಿಸಿಕೊಂಡು ಬಿದ್ದಿತ್ತು. ಎಲೆಯಿಂದ ಎಲೆಗೆ ಹತ್ತಿಯ ಎಳೆಯಂಥ ಬಿಳಿ ದಾರಗಳು ಹೊಲಿಗೆ ಹಾಕಿದ್ದವು.

"ಬೂಷ್ಟು!" ಎಂದರು ಡಾಕ್ಟ್ರು, ಚಿನ್ನ ಸಿಕ್ಕವರ ಹಾಗೆ.

ಅಣ್ಣನ ಕಣ್ಣು ಬೇರೆಲ್ಲೋ ನೆಟ್ಟಿತ್ತು. ಬಾಗಿದ, ಇನ್ನೂ ಬಾಗಿದ, ಮೂಗು ಎಲೆಗೆ ತಾಗುವಷ್ಟು ಬಾಗಿದ.

"ಏ, ಇದೇನೇ ಇದು? ಬೇರಲ್ವಾ?"

ಬೇರೇ ಆಗಿತ್ತು. ಕೂದಲೆಳೆಯಷ್ಟು ಸಪೂರ, ತುದಿ ಬೆಳ್ಳಗೆ. ಮಣ್ಣಿನಿಂದ ಮೇಲಕ್ಕೆ ಎದ್ದು, ಕೊಳೆತ ಎಲೆಯ ನರಗಳ ನಡುವೆ ನುಗ್ಗಿ, ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಒಂದಲ್ಲ, ಹತ್ತಾರು.

"ಬೇರು ಕೆಳಗೆ ಹೋಗುತ್ತೆ ಅಂತ ನಾನು ಹುಟ್ಟಿದಾಗಿಂದ ನೋಡಿದ್ದೀನಿ. ಇದು ಮೇಲಕ್ಕೆ ಬಂದಿದೆ! ಊಟಕ್ಕೆ ಎದ್ದು ಬಂದಿದೆ ಕಣೇ ಮರ!"

"ಅದನ್ನೇ ನಾನು ಬಡ್ಕೊಂಡಿದ್ದು" ಎಂದಳು ಗ್ರಾಮಕ್ಕ. ಗದರಬೇಕೆಂದದ್ದು ಗದರಿಕೆಯಾಗಿ ಬರಲಿಲ್ಲ.

ಅಣ್ಣ ಥಟ್ಟನೆ ಎದ್ದ. "ಡಾಕ್ಟ್ರೇ, ಆಫೀಸಿಗೆ ಬರೀರಿ. ಒಳಗಡೆ ಒಂದು ಎಲೇನೂ ಮುಟ್ಟಲ್ಲ. ಸುತ್ತ ಗಡಿಗೆ ಮಾತ್ರ ಗುಡಿಸ್ತೀವಿ, ಒಂದು ಪಟ್ಟಿ. ಬೆಂಕಿ ಅಲ್ಲೇ ಸಾಯ್ಬೇಕು. ಬಾಚಿದ ಎಲೇನ ಹೊರಗೆ ಸಾಗಿಸೋದೂ ಬೇಡ, ಮಳೆ ಹಿಡಿದ ಮೇಲೆ ಬೋಳು ಅರ್ಧಕ್ಕೆ ತಂದು ಹಾಕ್ತೀವಿ. ಪಾಪ, ಅದಕ್ಕೂ ಹೊಟ್ಟೆ ಇದೆ."

"ಎಷ್ಟು ಅಗಲದ ಪಟ್ಟಿ?"

"ಹತ್ತು ಮೀಟರ್."

"ಹತ್ತಾ? ಆರು ಸಾಕು!" ಗ್ರಾಮಕ್ಕ ಸಿಡಿದಳು. "ನಾಲ್ಕು ಮೀಟರ್ ಎಲೆ ಅಂದ್ರೆ ಎಷ್ಟು ಗ್ರಾಂ ಗೊತ್ತಾ?"

"ಗಾಳಿ ಬಂದ್ರೆ ಕಿಡಿ ಎಷ್ಟು ದೂರ ಹಾರುತ್ತೆ ಗೊತ್ತಾ ನಿಂಗೆ?"

ಡಾಕ್ಟ್ರು ನಗುತ್ತ ಎಂಟು ಎಂದು ಬರೆದುಕೊಂಡರು. ನಲವತ್ತು ಚೀಲದ ತೂಕ, ಬೇರಿನ ಚಿತ್ರ, ಎಂಟು ಮೀಟರಿನ ಪಟ್ಟಿ ಎಲ್ಲ ಸೇರಿಸಿ ಆ ವಾರವೇ ಉತ್ತರ ಹೋಯಿತು. ದೊಡ್ಡ ಆಫೀಸಿನವರು ಇಬ್ಬರನ್ನು ಕಳಿಸಿ ನೋಡಿಸಿಕೊಂಡರು, ಹಳೆಯ ಆಜ್ಞೆಯನ್ನು ಹಿಂದಕ್ಕೆ ಪಡೆದರು.

ಆ ಇಬ್ಬರಿಗೆ ತಾಕು ತೋರಿಸಿದ್ದು ಅಣ್ಣನೇ. ಬೂಟು ಹಾಕಿಕೊಂಡು ನೆಟ್ಟಗೆ ಒಳಗೆ ಹೊರಟ ಅಧಿಕಾರಿಯ ಮುಂದೆ ಅವನು ಕೈ ಅಡ್ಡ ಹಿಡಿದು ನಿಂತುಬಿಟ್ಟನಂತೆ. "ಸಾರ್, ಅಂಚಲ್ಲಿ ಬನ್ನಿ. ಒಳಗೆ ಊಟ ನಡೀತಿದೆ."