ತಮ್ಮ ಹೇಳದೇ ನುಂಗಿದ ನೋವು

ತಮ್ಮ ತಿಮ್ಮೇಶ ಕೆಟ್ಟದ್ದು ಸಹವಾಸದಿಂದ ಎಂದೇ ಸುನಂದಾ ನಂಬಿದ್ದಳು. ತಿಪಟೂರಿನಿಂದ ಉತ್ತರದ ಕಡೆಗೆ ಕೊಬ್ಬರಿ ಲಾರಿ ಓಡಿಸುತ್ತಿದ್ದವನು ಅಲ್ಲೆಲ್ಲೋ ಹೆರಾಯಿನ್ ಚಟ ಹತ್ತಿಸಿಕೊಂಡ ಎಂದು ತನ್ನೂರು ಹಂದನಕೆರೆಯಲ್ಲಿ ಕೇಳಿದವರಿಗೂ ಹೇಳಿದ್ದಳು. ಈಗ ಅವನನ್ನು ತುಮಕೂರಿನ ಚಿಕಿತ್ಸಾ ಕೇಂದ್ರಕ್ಕೆ ಕರೆತಂದಿದ್ದಳು.

ದಾಖಲು ಮಾಡಿಕೊಳ್ಳುವ ಸೌಂದರ್ಯ ಎಂಬ ಹುಡುಗಿ ಒಂದೊಂದೇ ಕೇಳಿ ಬರೆದುಕೊಂಡಳು. ವಯಸ್ಸು ಮೂವತ್ತಾರು, ಓದಿದ್ದು ಎಂಟನೇ ಕ್ಲಾಸು. ಹೆಂಡತಿ ತವರು ಸೇರಿ ಎರಡು ವರ್ಷ. ತೂಕ ನಲವತ್ತಾರು ಕೆಜಿ. ಒಂದೂವರೆ ವರ್ಷದಿಂದ ಸೂಜಿ ಚುಚ್ಚಿಕೊಳ್ಳುತ್ತಿದ್ದ; ಬೇರೆಯವರು ಬಳಸಿದ ಸೂಜಿಯನ್ನೂ ಬಿಟ್ಟಿರಲಿಲ್ಲ. ಅದರಿಂದಲೇ ಲಿವರಿಗೆ ಸೋಂಕು ತಗುಲಿದೆ, ಮಾತ್ರೆಯಲ್ಲಿ ವಾಸಿಯಾಗುತ್ತದೆ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು.

ಮೊದಲು ಶುರುವಾದದ್ದು ಹೇಗೆ ಎಂದು ಸೌಂದರ್ಯ ಕೇಳಿದಳು. ಸಹವಾಸ ಎಂದು ಸುನಂದಾಳೇ ಮುಂದಾಗಿ ಹೇಳಿದಳು.

“ಸಹವಾಸ ಅಲ್ಲ ಮೇಡಂ,” ಎಂದ ತಿಮ್ಮೇಶ, ನೆಲ ನೋಡುತ್ತ. “ಸೊಂಟನೋವು.”

ಯಾವ ನೋವೆಂದು ಸುನಂದಾಳಿಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಅವಳ ಹೊಸ ಮನೆಯ ಒಕ್ಕಲು. ಕಾಯಿ ಕೀಳುವ ಆಳು ಕೈಕೊಟ್ಟಿದ್ದ. ಮಳೆ ಹನಿದು ಮರ ಜಾರುತ್ತಿದ್ದರೂ ನೆಂಟರು ಬರುವ ಹೊತ್ತಾಯಿತು, ನೀನೇ ಹತ್ತಿ ನಾಲ್ಕು ಗೊನೆ ಎಳನೀರು ಇಳಿಸು ಎಂದು ತಮ್ಮನನ್ನು ಹತ್ತಿಸಿದವಳು ಅವಳೇ. ಎರಡಾಳೆತ್ತರದಿಂದ ಬಿದ್ದವನನ್ನು ಆಸ್ಪತ್ರೆಗೆ ಒಯ್ಯೋಣವೆಂದು ಗಂಡ ರಂಗನಾಥ ಹೇಳಿದಾಗ, ಮನೆ ತುಂಬ ಜನ, ನಾಳೆ ನೋಡೋಣ ಎಂದಿದ್ದಳು. ಮಾರನೆಯ ದಿನ ಮೂಳೆ ಕಟ್ಟುವ ಕಾಡಸಿದ್ದಪ್ಪನಿಂದ ಪಟ್ಟು ಹಾಕಿಸಿದಳು. ನೋವು ಹೋಯಿತೆಂದು ತಿಮ್ಮೇಶ ಮೂರೇ ದಿನಕ್ಕೆ ಹೇಳಿದ. ಅವಳಿಗೂ ಅದೇ ಬೇಕಿತ್ತು.

ನೋವು ಹೋಗಿರಲಿಲ್ಲ. ಹಗಲೆಲ್ಲ ಸ್ಟೇರಿಂಗ್ ಹಿಡಿದು ಕೂರಲು ಅವನು ಮಾತ್ರೆ ನುಂಗಿದ, ಅದು ಸಾಲದೆ ಇನ್ನೂ ಜೋರಿನ ಮಾತ್ರೆ ನುಂಗಿದ. ಕೊನೆಗೆ ಒಂದು ಢಾಬಾದಲ್ಲಿ ಇನ್ನೊಬ್ಬ ಡ್ರೈವರ್ ಪುಡಿ ಕೊಟ್ಟ.

“ಅವತ್ತೊಂದಿನ ನೋವು ಪೂರ್ತಿ ಹೋಯ್ತು ಮೇಡಂ. ಆಮೇಲೆ ಅದಿಲ್ದೆ ಏಳಕ್ಕೇ ಆಗ್ತಿರ್ಲಿಲ್ಲ.”

“ನಂಗ್ಯಾಕೋ ಹೇಳ್ಲಿಲ್ಲ?” ಎಂದಳು ಸುನಂದಾ.

“ಹೇಳಿದ್ರೆ ನೀನು ಕೊರಗ್ತಿದ್ದೆ. ಬುಡಕ್ಕ.” ಆಮೇಲೆ, “ಒಂದ್ಸಲ ಹೇಳಣ ಅಂತ್ಲೇ ಬಂದಿದ್ದೆ,” ಎಂದ.

ಅದು ಎರಡು ವರ್ಷದ ಹಿಂದಿನ ಮಾತು. ಮೈಯೆಲ್ಲ ಬೆವರಿ, ನಡುಗುತ್ತ ಬಾಗಿಲಿಗೆ ಬಂದವನನ್ನು ಕುಡಿದಿದ್ದಾನೆಂದುಕೊಂಡು ಅವಳು ಒಳಗೆ ಬಿಟ್ಟಿರಲಿಲ್ಲ. ಮಗಳು ಧನ್ಯಶ್ರೀ ಅಳುತ್ತ ಬೇಡಿದರೂ ಅಗುಳಿ ತೆಗೆದಿರಲಿಲ್ಲ. ಅದು ಪುಡಿ ಸಿಗದ ನಡುಕ; ಆಸ್ಪತ್ರೆಗೆ ಸೇರಿಸು ಎಂದು ಕೇಳಲು ಬಂದಿದ್ದನಂತೆ. ಆಗಿನ್ನೂ ಅವನು ಸೂಜಿ ಮುಟ್ಟಿರಲಿಲ್ಲ.

ಸೌಂದರ್ಯ ಬರೆಯುವುದನ್ನು ನಿಲ್ಲಿಸಿ ನೀರು ತಂದುಕೊಟ್ಟಳು. ಸುನಂದಾ ಲೋಟ ಹಿಡಿದು ಕೂತಳೇ ಹೊರತು ಕುಡಿಯಲಿಲ್ಲ.

ತಿಮ್ಮೇಶ ಅಲ್ಲೇ ಉಳಿದ. ಮಧ್ಯೆ ಒಮ್ಮೆ ಓಡಿಹೋಗಿ ಮತ್ತೆ ಚಟಕ್ಕೆ ಬಿದ್ದ, ಹತ್ತು ದಿನಕ್ಕೆ ತಾನಾಗಿಯೇ ಹಿಂದಿರುಗಿದ. ಲಿವರ್ ಮೂರು ತಿಂಗಳ ಮಾತ್ರೆಗೆ ಸರಿಹೋಯಿತು. ಬೆನ್ನಿನದು ಹಳೆಯ ಮುರಿತ, ಸೊಟ್ಟಗೆ ಕೂಡಿಕೊಂಡಿದೆ, ಆಗಲೇ ತೋರಿಸಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಲಾರಿ ಬಿಟ್ಟು ಅವನೀಗ ತುರುವೇಕೆರೆಯ ಒಂದು ಅಂಗಡಿಯಲ್ಲಿದ್ದಾನೆ. ಚಟ ಮರುಕಳಿಸದಂತೆ ಕೊಟ್ಟ ನಿತ್ಯದ ಔಷಧಿ ತಪ್ಪಿಸುವುದಿಲ್ಲ.

ತಿಂಗಳಿಗೊಮ್ಮೆ ಅಕ್ಕನ ಮನೆಗೆ ಬರುತ್ತಾನೆ. ತಪ್ಪಾಯಿತು ಎನ್ನಲು ಅವಳು ಬಾಯಿ ತೆರೆದಾಗಲೆಲ್ಲ, ಧನ್ಯಶ್ರೀಯ ಪರೀಕ್ಷೆ ಯಾವಾಗ ಎಂದು ಕೇಳುತ್ತಾನೆ.